ಸೆಟ್ಟಿ, ಸೆಟ್ ಮತ್ತು ನಮ್ಮ ನಿಘಂಟುಗಳು

ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಕಲ್ಲಿದೆ. ಸುಮಾರು ಕ್ರಿ.ಶ. 890ರದೆಂದು ವಿದ್ವಾಂಸರು ಹೇಳುವ ಆ ಕಲ್ಲಿನ ಮೇಲೆ ‘ಬೆಂಗಳೂರ ಕಾಳೆಗ’ದ ಪ್ರಸ್ತಾಪ ಬರುತ್ತದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಬೆಂದಕಾಳೂರೆಂದು ಹೆಸರಾಯಿತು ಎಂಬ ಕಥೆಯಿದೆಯಷ್ಟೆ? ಆ ಅರಸ ಪಟ್ಟಕ್ಕೆ ಬರುವುದಕ್ಕೆ ಇನ್ನೂರೈವತ್ತು ವರ್ಷಕ್ಕೂ ಮುಂಚೆಯೇ ಈ ಕಲ್ಲು ಆ ಕಥೆಗೆ ಉತ್ತರ ಹೇಳಿ ಸುಮ್ಮನೆ ಕುಳಿತಿದೆ. ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಈ ಊರಿಗೆ ಬಂದ ಮೇಲೆ, ಯಾರಾದರೂ ನೋಡಲು ಬಂದರೆ ಆ ಅಕ್ಷರಗಳನ್ನು ಬೆರಳಿಟ್ಟು ಓದಿ ತೋರಿಸುವುದು ನನಗೊಂದು ಚಟವಾಗಿದೆ.

ಮೊನ್ನೆ ಒಂದು ಭಾನುವಾರ ಎಲೆಕ್ಟ್ರಾನಿಕ್ ಸಿಟಿಯ ಕಡೆಯಿಂದ ನಾಲ್ಕೈದು ಮಂದಿ ತರುಣರು ಬಂದಿದ್ದರು. ಆ ಶಾಸನದಲ್ಲಿ ಪೆರ್ವೊಣಸೆಟ್ಟಿ ಎಂಬೊಂದು ಹೆಸರಿದೆ. ಅದನ್ನು ಓದಿದೆ. ಅವರಲ್ಲಿ ಒಬ್ಬ ಸ್ವಲ್ಪ ಹೊತ್ತು ಯೋಚಿಸಿ, “ಸಾರ್, ಸೆಟ್ ದೋಸೆ ಅಂತೀವಲ್ಲ, ಅದು ಸೆಟ್ಟಿ ದೋಸೆಯಿಂದ ಬಂದದ್ದಾ?” ಎಂದು ಕೇಳಿದ. ಜೊತೆಯವರು ನಕ್ಕರು. ನನಗೆ ನಗು ಬರಲಿಲ್ಲ. ಸೆಟ್ಟಿ ಎಂಬುದು ಸಂಸ್ಕೃತದ ‘ಶ್ರೇಷ್ಠಿ’, ಪ್ರಾಕೃತದಲ್ಲಿ ಮೈ ಸವೆಸಿಕೊಂಡು ನಮ್ಮಲ್ಲಿಗೆ ಬಂದದ್ದು; ಸೆಟ್ ಎಂಬುದು ಇಂಗ್ಲಿಷಿನದು; ಇವೆರಡಕ್ಕೂ ಏನೇನೂ ಸಂಬಂಧವಿಲ್ಲ ಎಂದು ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಪರಭಾಷೆಯ ಶಬ್ದ ಸಾವಿರದ ನೂರು ವರ್ಷದ ಕಲ್ಲಿನ ಮೇಲಿನ ಶಬ್ದದ ಪಕ್ಕದಲ್ಲಿ ನಿಂತರೂ ಸಂಕೋಚಪಡುವುದಿಲ್ಲವೆಂದರೆ, ಅದು ನಮ್ಮ ಮನೆಯಲ್ಲಿ ಎಷ್ಟು ಸಲಿಗೆಯಿಂದ ಓಡಾಡಿಕೊಂಡಿರಬೇಕು!

ಓಡಾಡಿಕೊಂಡಿದೆಯೆಂಬುದಕ್ಕೆ ಸಾಕ್ಷಿಗಾಗಿ ಹುಡುಕಬೇಕಾಗಿಲ್ಲ. ಹೋಟೆಲಿನಲ್ಲಿ ಕುಳಿತು “ಒಂದು ಸೆಟ್ ಕೊಡಪ್ಪಾ” ಎಂದರೆ ಮೆತ್ತಗಿನ ಪುಟ್ಟ ದೋಸೆಗಳು ಒಂದರ ಮೇಲೊಂದು ಕುಳಿತು, ಸಾಗುವಿನೊಡನೆ ಬರುತ್ತವೆ. ಆ ಮೂರು ದೋಸೆಯ ಒಟ್ಟು ಲೆಕ್ಕವೇ ಅದರ ಹೆಸರು. ಹಳ್ಳಿಯ ರೈತ ಪಂಪ್‌ಸೆಟ್ಟು ಕೆಟ್ಟಿತೆಂದು ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಅವನಿಗೆ ಅದು ಮೋಟಾರೂ ಪಂಪೂ ಕೂಡಿದ ಒಂದೇ ಪದಾರ್ಥ. ನಮ್ಮ ತಂದೆಯವರ ಕಾಲದಲ್ಲಿ ರೇಡಿಯೋ ಸೆಟ್ಟಿತ್ತು, ನಮ್ಮ ಕಾಲಕ್ಕೆ ಟೀವಿ ಸೆಟ್ಟು ಬಂತು. ಸಿನಿಮಾದವರು ಸೆಟ್ ಹಾಕಿ ಸೆಟ್ ಕಳಚುತ್ತಾರೆ. ಮದುವೆಗೆ ನೆಕ್ಲೇಸಿನ ಸೆಟ್ ಬೇಕು. ಟೆನಿಸ್ ಆಡುವವರು ಸೆಟ್ ಗೆಲ್ಲುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳಬೇಕೆನ್ನುವವರು ಬರೆಯುವ ಕೆ-ಸೆಟ್ ಪರೀಕ್ಷೆ ಬರಿಯ ಮೊದಲಕ್ಷರಗಳ ಕೂಟ, ಅದನ್ನು ಇಲ್ಲಿ ಸೇರಿಸುವುದು ನ್ಯಾಯವಲ್ಲ. ಆದರೆ “ಅವನಿಗೂ ಅವಳಿಗೂ ಸೆಟ್ ಆಗಲ್ಲ” ಎನ್ನುವ ಬೆಂಗಳೂರಿನ ಮಾತಿದೆಯಲ್ಲ, ಅದು ಇಂಗ್ಲಿಷಿನವರಿಗೇ ಗೊತ್ತಿಲ್ಲದ ಅರ್ಥ. ಇಬ್ಬರ ಸ್ವಭಾವ ಒಂದಕ್ಕೊಂದು ಕೂಡಿಬರುವುದಿಲ್ಲವೆಂಬುದನ್ನು ಲಂಡನ್ನಿನಲ್ಲಿ ಹೀಗೆ ಹೇಳಿದರೆ ಯಾರಿಗೂ ತಿಳಿಯದು. ಅದನ್ನು ಮಾಡಿದವರು ನಾವು. ಸಾಲವಾಗಿ ತಂದ ಹಣಕ್ಕೆ ನಾವೇ ಬಡ್ಡಿ ಕಟ್ಟಿಸಿಕೊಂಡಿದ್ದೇವೆ ಎನ್ನಬಹುದು.

ಇಂಗ್ಲಿಷಿನಲ್ಲಾದರೂ ಈ ಪದದ ಸಂಸಾರ ಸಣ್ಣದಲ್ಲ. ಆಕ್ಸ್‌ಫರ್ಡಿನ ಮಹಾಕೋಶದ ಮೊದಲ ಕಂತು 1884ರಲ್ಲಿ ಹೊರಬಂದು, ಕೊನೆಯದು 1928ರಲ್ಲಿ ಮುಗಿಯಿತೆಂಬುದು ಪ್ರಸಿದ್ಧ ಸಂಗತಿ. ಅದರ ಸಂಪಾದಕರಲ್ಲಿ ಒಬ್ಬನಾಗಿದ್ದ ಹೆನ್ರಿ ಬ್ರಾಡ್ಲೆಯ ಪಾಲಿಗೆ ಈ ಪದ ಬಂತು. ಹದಿನೆಂಟಕ್ಕೂ ಹೆಚ್ಚು ಪುಟ, 154 ಮುಖ್ಯ ವಿಭಾಗ. ಕೊನೆಯ ವಿಭಾಗವಾದ ‘ಸೆಟ್ ಅಪ್’ ಒಂದಕ್ಕೇ ಒಳವಿಭಾಗಗಳನ್ನು ಅ, ಆ ಎಂದು ಗುರುತು ಹಾಕುವಂತೆ ಅವರು ತಮ್ಮ ಅಕ್ಷರಗಳಿಂದ ಗುರುತು ಹಾಕುತ್ತ ಹೋಗಿ, ಇಪ್ಪತ್ತಾರೂ ಅಕ್ಷರ ಮುಗಿದು, ಮತ್ತೆ ಮೊದಲಿನಿಂದ ಎರಡೆರಡು ಅಕ್ಷರ ಬರೆದುಕೊಳ್ಳಬೇಕಾಯಿತು. 1989ರ ಎರಡನೆಯ ಆವೃತ್ತಿಯಲ್ಲಿ ಅದರ ಅರ್ಥಗಳು 430. ವಿವರಣೆ ಅರವತ್ತು ಸಾವಿರ ಪದ, ಎಂದರೆ ಒಂದು ಸಾಧಾರಣ ಕಾದಂಬರಿಯ ಗಾತ್ರ. ಈಚೆಗೆ ಅದರ ಪಟ್ಟ ಹೋಯಿತು. ‘ರನ್’ ಎಂಬ ಕ್ರಿಯಾಪದಕ್ಕೆ 645 ಅರ್ಥಗಳಾದವೆಂದು ಅದೇ ಕೋಶದ ಪೀಟರ್ ಗಿಲಿವರ್ ಲೆಕ್ಕ ಕೊಟ್ಟದ್ದು 2011ರಲ್ಲಿ ಪತ್ರಿಕೆಗಳಲ್ಲಿ ಬಂತು. ಯಂತ್ರಗಳ ಯುಗದಲ್ಲಿ ಓಡುವುದು ಕೂರಿಸುವುದನ್ನು ಹಿಂದೆ ಹಾಕಿದ್ದು ಸಹಜವೇ.

ಕೂರಿಸುವುದು ಎಂದೆ. ಅದೇ ಈ ಪದದ ತಾಯಿಬೇರು. ‘ಸಿಟ್’ ಎಂದರೆ ಕೂರು. ಅದರ ಪ್ರೇರಣಾರ್ಥಕ ‘ಸೆಟ್’, ಎಂದರೆ ಕೂರಿಸು. ನಮ್ಮ ವ್ಯಾಕರಣದಲ್ಲಿ ‘ಇಸು’ ಪ್ರತ್ಯಯ ಹಚ್ಚಿ ಮಾಡುವ ಕೆಲಸವನ್ನು ಅವರು ಸ್ವರವೊಂದನ್ನು ಬದಲಿಸಿ ಮಾಡಿದರು. ಈ ಎರಡರ ಮೂಲ ಸಂಸ್ಕೃತದ ‘ಸದ್’ ಧಾತುವಿನ ಮೂಲವೇ. ಸದನ, ಸದಸ್ಯ, ಸಂಸತ್ತು, ಪರಿಷತ್ತು, ಉಪನಿಷತ್ತು ಎಲ್ಲವೂ ಆ ಧಾತುವಿನವು. ಹಕ್ಕಿಯ ಗೂಡಿಗೆ ನಾವನ್ನುವ ‘ನೀಡ’ವೂ, ಅವರನ್ನುವ ‘ನೆಸ್ಟ್’ ಎಂಬುದೂ ಅಲ್ಲಿಂದಲೇ ಹುಟ್ಟಿದ ಅಣ್ಣತಮ್ಮಂದಿರು. ಇನ್ನು ಗುಂಪು, ಜೊತೆ ಎಂಬರ್ಥದ ‘ಸೆಟ್’ ಬೇರೆ ಮನೆಯದೆಂದು ನಿರುಕ್ತಕಾರರು ಹೇಳುತ್ತಾರೆ. ಅದು ಲ್ಯಾಟಿನ್ನಿನ ‘ಸೆಕ್ತಾ’ದಿಂದ, ಎಂದರೆ ‘ಹಿಂಬಾಲಿಸು, ಜೊತೆಯಾಗಿರು’ ಎಂಬ ಧಾತುವಿನಿಂದ, ಫ್ರೆಂಚಿನ ಮೂಲಕ ಬಂದು, ಧ್ವನಿಯ ಹೋಲಿಕೆಯಿಂದ ಮೊದಲಿನದರೊಡನೆ ಬೆರೆತುಹೋಯಿತು. ಆ ಲ್ಯಾಟಿನ್ ಧಾತುವಿಗೆ ಸಂಸ್ಕೃತದಲ್ಲಿ ಸರಿಗಟ್ಟುವುದು ‘ಸಚ್’. ಅದರಿಂದ ‘ಸಚಿವ’, ಜೊತೆಯಲ್ಲಿರುವವನು. ಹಾಗೆ ನೋಡಿದರೆ ವಿಧಾನಸೌಧದ ಸಚಿವರಿಗೂ ಹೋಟೆಲಿನ ಸೆಟ್ ದೋಸೆಗೂ ದೂರದ ನೆಂಟಸ್ತಿಕೆ ಉಂಟು. ಆ ತರುಣನಿಗೆ ಇದನ್ನು ಅಂದು ಹೇಳದೆ ಹೋದೆನಲ್ಲ ಎಂದು ಆಮೇಲೆ ಅನ್ನಿಸಿತು. ಸೆಟ್ಟಿಯ ಸಂಬಂಧ ತಪ್ಪಿದ ದುಃಖ ಅವನಿಗೆ ಕಡಮೆಯಾಗುತ್ತಿತ್ತು.

ಇಷ್ಟೇ ಆಗಿದ್ದರೆ ಇದೊಂದು ಭಾನುವಾರದ ಹರಟೆಯಾಗಿ ಮುಗಿಯುತ್ತಿತ್ತು. ಆದರೆ ಈ ಪದವನ್ನು ಕುರಿತು ಬರೆಯಲೇಬೇಕೆನ್ನಿಸಿದ್ದಕ್ಕೆ ಕಾರಣ ಬೇರೆ.

ನಮ್ಮ ಬೀದಿಯ ಕೊನೆಯ ಮನೆಯ ಹುಡುಗನೊಬ್ಬ ಬೊಮ್ಮಸಂದ್ರದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಐಟಿಐ ಓದಿದವನು, ಕನ್ನಡ ಮಾಧ್ಯಮ. ಒಂದು ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದು ಒಂದು ಕಾಗದ ನನ್ನ ಮುಂದೆ ಹಿಡಿದ.

“ಮೇಷ್ಟ್ರೇ, ಇದನ್ನ ಓದಿ ಹೇಳಿ. ನಾನು ಮಾಡಿದ್ದು ತಪ್ಪಾ?”

ಅದು ಒಂದು ಪವರ್ ಪ್ರೆಸ್ಸನ್ನು ನೆಲಕ್ಕೆ ಕೂರಿಸುವ ಕ್ರಮವನ್ನು ತಿಳಿಸುವ ಕನ್ನಡದ ಕಾಗದ. ಯಂತ್ರದ ಪಾದದಡಿಯ ಗುಂಡಿಯಲ್ಲಿ ಬೋಲ್ಟನ್ನಿಟ್ಟು ಸುತ್ತಲೂ ಸಿಮೆಂಟಿನ ಗ್ರೌಟ್ ಹೊಯ್ಯುತ್ತಾರೆ. ಆಮೇಲೆ ಏನು ಮಾಡಬೇಕೆಂಬಲ್ಲಿ ಹೀಗಿತ್ತು: ‘ಗ್ರೌಟ್ ಅನ್ನು ಹೊಂದಿಸಿದ ನಂತರ ಮಾತ್ರ ಅಡಿಪಾಯದ ಬೋಲ್ಟುಗಳನ್ನು ಬಿಗಿಗೊಳಿಸಿ’. ಹುಡುಗ ಅಕ್ಷರಶಃ ಹಾಗೇ ಮಾಡಿದ್ದಾನೆ. ಗ್ರೌಟ್ ಹೊಯ್ದು, ಕರಣೆಯಿಂದ ಎಲ್ಲ ಕಡೆ ಸಮಮಾಡಿ, ರಸಮಟ್ಟ ಇಟ್ಟು ನೋಡಿ, ಚೆನ್ನಾಗಿ ‘ಹೊಂದಿಸಿ’, ಅಂದೇ ಸಂಜೆ ಬೋಲ್ಟುಗಳನ್ನು ಬಲವಾಗಿ ಬಿಗಿದಿದ್ದಾನೆ. ಮಾರನೆಯ ದಿನ ಯಂತ್ರ ನಡೆಸಿದಾಗ ಬೋಲ್ಟುಗಳು ಅಲುಗಿ ಗ್ರೌಟೆಲ್ಲ ಸೀಳಿಕೊಂಡಿತು. ಪುಣ್ಯಕ್ಕೆ ಯಾರ ಕೈಗೂ ಕಾಲಿಗೂ ಏನೂ ಆಗಲಿಲ್ಲ. ಇವನ ಮೂರು ದಿನದ ಕೂಲಿ ಹೋಯಿತು.

ಇಂಗ್ಲಿಷಿನ ಮೂಲವನ್ನು ಅವನು ಮೊಬೈಲಿನಲ್ಲಿ ಫೋಟೋ ತೆಗೆದು ತಂದಿದ್ದ. ನೋಡಿದೆ. ಅಲ್ಲಿದ್ದದ್ದು ‘ಗ್ರೌಟ್ ಹ್ಯಾಸ್ ಸೆಟ್’. ತಾನಾಗಿ ಬಿಗಿದುಕೊಳ್ಳುವುದು ಎಂಬ ಅರ್ಥದ ಅಕರ್ಮಕ ಪ್ರಯೋಗ. ಅನುವಾದಿಸಿದವರು ಅದನ್ನು ಸಕರ್ಮಕ ಮಾಡಿ ಗ್ರೌಟಿನ ಕೆಲಸವನ್ನು ಹುಡುಗನ ಕೈಗೆ ಕೊಟ್ಟಿದ್ದಾರೆ. ಸಿಮೆಂಟು ಮಾಡಬೇಕಾದದ್ದನ್ನು ಮನುಷ್ಯ ಮಾಡಿದ!

ಹುಡುಗನಿಗೆ ಕೂಲಿ ಹೋದದ್ದಕ್ಕಿಂತ ಹೆಚ್ಚು ನೊಂದದ್ದು ಮೇಲ್ವಿಚಾರಕನ ಮಾತಿನಿಂದ. “ಕನ್ನಡದ ಚೀಟಿ ನಂಬ್ಕೊಂಡ್ರೆ ಹಿಂಗೇ ಆಗೋದು. ನಾಳೆಯಿಂದ ಗೋಡೆ ಮೇಲೆ ಇಂಗ್ಲಿಷಿನದೇ ಇರ್ಲಿ” ಎಂದನಂತೆ. ಹಾಗೆಯೇ ಕನ್ನಡದ ಕಾಗದವನ್ನು ಕಿತ್ತರು. ಅದೇ ಈಗ ನನ್ನ ಮೇಜಿನ ಮೇಲಿರುವುದು.

ಈ ಕಾಗದವನ್ನು ಒಬ್ಬ ಮನುಷ್ಯ ಅನುವಾದಿಸಿದನೋ, ಈಗಿನ ಯಂತ್ರವೊಂದು ಅನುವಾದಿಸಿತೋ ಎಂದು ಯಾರಾದರೂ ಕೇಳಬಹುದು. ನನಗೆ ಅದರಿಂದ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಯಂತ್ರಕ್ಕೆ ಪಾಠವಾದದ್ದು ನಾವು ಬರೆದಿಟ್ಟ ಅನುವಾದಗಳೇ, ನಾವು ಅಚ್ಚುಹಾಕಿಸಿದ ನಿಘಂಟುಗಳೇ. ಮೇಷ್ಟರೇ ತಪ್ಪು ಬರೆಸಿದಾಗ ಹುಡುಗನ ಕಿವಿ ಹಿಂಡಿ ಪ್ರಯೋಜನವೇನು?

ನಮ್ಮ ಇಂಗ್ಲಿಷ್-ಕನ್ನಡ ನಿಘಂಟುಗಳ ಚರಿತ್ರೆ ನಾಚಿಕೆಪಡುವಂಥದೇನಲ್ಲ. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಪಾದ್ರಿ 1824ರಲ್ಲೇ ಇಂಗ್ಲಿಷಿನಿಂದ ಕನ್ನಡಕ್ಕೆ ಕೋಶ ರಚಿಸಿದ. ಕಿಟ್ಟೆಲ್ಲನ ಹೆಸರನ್ನು ಹೇಳಲೇಬೇಕಾಗಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ಗ್ರಂಥ ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಬಂತು, ಬಿ.ಎಂ. ಶ್ರೀಕಂಠಯ್ಯನವರಂಥವರು ಅದಕ್ಕೆ ದುಡಿದರು. ಅರ್ಥಗಳನ್ನು ವಿಂಗಡಿಸಿ ಕೊಡುವ ಶ್ರದ್ಧೆ ಅಲ್ಲಿದೆ. ಆದರೆ ಆ ದೊಡ್ಡ ಪುಸ್ತಕ ಗ್ರಂಥಾಲಯದ ಮೆಟ್ಟಿಲಿಳಿದು ಕಾರ್ಖಾನೆಯ ನೆಲದವರೆಗೆ ಬರಲಿಲ್ಲ. ಬಂದದ್ದು ಅದರ ನೆರಳಿನಂಥ ಕೈಪಿಡಿ ಕೋಶಗಳು, ವಿದ್ಯಾರ್ಥಿ ನಿಘಂಟುಗಳು, ಫುಟ್‌ಪಾತಿನ ಮೇಲೆ ರಾಶಿ ಹಾಕಿ ಮಾರುವವು.

ಅಂಥದೊಂದು ನನ್ನ ಬಳಿಯೂ ಇದೆ. ಹೆಸರು ಹೇಳುವುದು ಬೇಡ. ಎಲ್ಲವೂ ಒಂದೇ ಅಚ್ಚಿನವು. ಈ ಕ್ರಿಯಾಪದಕ್ಕೆ ಅದು ಕೊಡುವ ಅರ್ಥ: ಇಡು, ಇರಿಸು, ಸ್ಥಾಪಿಸು, ನೆಡು, ಹೊಂದಿಸು, ನಿಗದಿಮಾಡು, ಮುಳುಗು. ಅಷ್ಟೆ. ಏಳು ಪದಗಳ ನಡುವೆ ಆರು ಅಲ್ಪವಿರಾಮ. ಪಂಕ್ತಿಯಲ್ಲಿ ಕುಳಿತ ಬ್ರಾಹ್ಮಣರಂತೆ ಎಲ್ಲರಿಗೂ ಒಂದೇ ಎಲೆ, ಒಂದೇ ಬಡಿಸಾಣಿಕೆ. ಯಾವುದು ಸೂರ್ಯನಿಗೆ, ಯಾವುದು ಗಡಿಯಾರಕ್ಕೆ, ಯಾವುದು ಗಾರೆಗೆ ಎಂಬ ಸುಳಿವೇ ಇಲ್ಲ. ಈ ಪಟ್ಟಿಯಿಂದ ‘ಮುಳುಗು’ವನ್ನು ಆರಿಸಿಕೊಂಡು ‘ಗ್ರೌಟ್ ಮುಳುಗಿದ ಮೇಲೆ’ ಎಂದು ಬರೆದಿದ್ದರೂ ನಿಘಂಟಿನ ಕಡೆಯಿಂದ ಆಕ್ಷೇಪಣೆ ಏಳುತ್ತಿರಲಿಲ್ಲ. ನಮ್ಮ ಕಾಗದದವರು ಇದ್ದುದರಲ್ಲಿ ಮರ್ಯಾದಸ್ಥ ಪದವನ್ನೇ ಆರಿಸಿದ್ದಾರೆ.

ಪರ್ಯಾಯ ಪದಗಳನ್ನು ಪೋಣಿಸಿಟ್ಟರೆ ಅರ್ಥ ಹೇಳಿದಂತಾಯಿತು ಎಂಬ ಈ ಭ್ರಮೆ ನಮ್ಮ ಶಾಲೆಗಳಿಂದ ಬಂದದ್ದೆಂದು ನನ್ನ ಅನುಮಾನ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವನು ನಾನು. ‘ವರ್ಡ್ಸ್ ಅಂಡ್ ಮೀನಿಂಗ್ಸ್’ ಎಂದು ಕಪ್ಪುಹಲಗೆಯನ್ನು ಎರಡಾಗಿ ಸೀಳಿ, ಎಡಕ್ಕೊಂದು ಪದ ಬಲಕ್ಕೊಂದು ಪದ ಬರೆದು, ಮಕ್ಕಳಿಂದ ಉರುಹೊಡೆಸಿದ ಪಾಪದಲ್ಲಿ ನನ್ನ ಪಾಲೂ ಇದೆ. ಆ ಹುಡುಗನೂ ಅಂಥದೇ ಒಂದು ಕಪ್ಪುಹಲಗೆಯ ಮುಂದೆ ಕುಳಿತಿದ್ದವನು.

ಕಿಟ್ಟೆಲ್ ಹೀಗೆ ಮಾಡಲಿಲ್ಲ. ಅವನು ಒಂದು ಪದ ಹೇಳಿದರೆ ಅದು ಕಾವ್ಯದಲ್ಲಿ ಎಲ್ಲಿ ಬಂತು, ಗಾದೆಯಲ್ಲಿ ಹೇಗೆ ಬಂತು ಎಂದು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ. ಜರ್ಮನಿಯಿಂದ ಬಂದವನಿಗೆ ಕನ್ನಡ ಗೊತ್ತಿಲ್ಲವೆಂಬ ಭಯವಿತ್ತು. ಆ ಭಯವೇ ಅವನನ್ನು ಕಾಪಾಡಿತು. ನಮಗೆ ಆ ಭಯವಿಲ್ಲ. ನಮ್ಮ ಕಾಲದಲ್ಲಿ ಆ ಕೆಲಸಕ್ಕೆ ಹೆಗಲು ಕೊಟ್ಟವರು ಜಿ. ವೆಂಕಟಸುಬ್ಬಯ್ಯನವರು. ನೂರೇಳು ವರ್ಷ ಬಾಳಿ 2021ರಲ್ಲಿ ತೀರಿಕೊಂಡ ಆ ಹಿರಿಯರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಒಂದೊಂದು ಪದಕ್ಕೂ ಅದರ ಊರು, ಕೇರಿ, ನೆಂಟರಿಷ್ಟರನ್ನು ಕೇಳಿಕೊಂಡು ಬಂದು ಹೇಳುತ್ತಿದ್ದರು. ಪದವನ್ನು ಕೇಳಿದವರ ಅಗತ್ಯದಿಂದ ನಿಘಂಟು ಹುಟ್ಟಬೇಕೆಂಬ ಆ ಕ್ರಮ ಅವರ ಅಂಕಣದಲ್ಲಿ ಫಲ ಕೊಟ್ಟಿತು. ಆದರೆ ತಾಂತ್ರಿಕ ಅನುವಾದದವರು ಅದನ್ನು ಓದಿದ ಗುರುತು ನನಗೆಲ್ಲೂ ಕಾಣಲಿಲ್ಲ.

ಕನ್ನಡಕ್ಕೆ ಶಕ್ತಿ ಸಾಲದು, ಇಂಗ್ಲಿಷಿನ ಒಂದು ಪದದ ನೂರು ಅರ್ಥವನ್ನು ಹೊರಲಾರದು ಎಂಬ ವಾದವೊಂದುಂಟು. ಆ ಮೇಲ್ವಿಚಾರಕನ ಮಾತಿನ ಹಿಂದಿರುವುದೂ ಅದೇ. ಇದನ್ನು ನಾನು ಒಪ್ಪಲಾರೆ. ನಮ್ಮ ಮನೆಯೊಳಗೇ ನೋಡಿ. ಹಾಲು ಸೆಟ್ಟಾದರೆ ಹೆಪ್ಪಾಯಿತು ಎನ್ನುತ್ತೇವೆ. ಹೊತ್ತು ಸೆಟ್ಟಾದರೆ ಮುಳುಗಿತು, ಕಂತಿತು. ಮಾವಿನ ಹೂವು ಸೆಟ್ಟಾದರೆ ಕಾಯಿ ಕಚ್ಚಿತು. ಮಳೆ ಸೆಟ್ಟಾದರೆ ‘ಹಿಡಿದುಕೊಂಡಿದೆ, ಇನ್ನು ಬಿಡುವುದಿಲ್ಲ’. ಮುರಿದ ಮೂಳೆಯನ್ನು ಸೆಟ್ ಮಾಡುವವನು ಕೂಡಿಸುತ್ತಾನೆ, ಕೋಳಿಯನ್ನು ಸೆಟ್ ಮಾಡುವವಳು ಕಾವಿಗೆ ಕೂರಿಸುತ್ತಾಳೆ, ಹಕ್ಕಿಗೆ ಬಲೆ ಒಡ್ಡುತ್ತಾರೆ, ಬೆಂಕಿ ಹಚ್ಚುತ್ತಾರೆ, ಊಟದ ಮೇಜು ಸೆಟ್ ಮಾಡುವ ಬದಲು ನಾವು ಎಲೆ ಹಾಕುತ್ತೇವೆ, ಪ್ರಶ್ನೆಪತ್ರಿಕೆಯನ್ನು ಅವರು ‘ಕೂರಿಸಿದರೆ’ ನಾವು ‘ತೆಗೆಯುತ್ತೇವೆ’. ಮುದ್ರಣಾಲಯಗಳಲ್ಲಿ ಸೀಸದ ಮೊಳೆಗಳಿದ್ದ ಕಾಲದಲ್ಲಿ ಅವನ್ನು ಜೋಡಿಸುತ್ತಿದ್ದರು. ಇಷ್ಟು ಕೆಲಸಕ್ಕೆ ಇಂಗ್ಲಿಷಿನವನ ಬಳಿ ಇರುವುದು ಒಂದು ಪದ. ನಮ್ಮ ಬಳಿ ಪ್ರತಿ ಕೆಲಸಕ್ಕೂ ಅದರದೇ ಆಯುಧ. ಬಡವರು ಯಾರು?

ಹಾಗೆಂದು ಬೀಗುವುದೂ ಬೇಡ. ನಮ್ಮಲ್ಲೂ ‘ಹಾಕು’ ಎಂಬ ಒಂದು ಪದವಿದೆ. ಊಟ ಹಾಕು, ಅಂಗಿ ಹಾಕು, ಬೀಗ ಹಾಕು, ರಂಗೋಲಿ ಹಾಕು, ಲೆಕ್ಕ ಹಾಕು, ಸಹಿ ಹಾಕು, ಮೊಕದ್ದಮೆ ಹಾಕು. ಹಸು ಕರು ಹಾಕುತ್ತದೆ, ಕೊನೆಗೆ ಯಾರೋ ಯಾರನ್ನೋ ಕೊಂದೇ ಹಾಕುತ್ತಾರೆ. ಇದನ್ನು ಇಂಗ್ಲಿಷಿಗೆ ಮಾಡಹೊರಟ ಪರದೇಶಿ ಅಲ್ಪವಿರಾಮಗಳ ನಿಘಂಟನ್ನು ನಂಬಿದರೆ, ಅತಿಥಿಗೆ ಅನ್ನವನ್ನು ತೊಡಿಸಿ ಬಾಗಿಲಿಗೆ ಅಂಗಿಯನ್ನು ಬಡಿಸಿಯಾನು.

ಒಳ್ಳೆಯ ಅನುವಾದ ನಮ್ಮಲ್ಲಿ ಆಗಿಲ್ಲವೆಂದೂ ಅಲ್ಲ. ಗಣಿತದ ಸೆಟ್ಟಿಗೆ ನಮ್ಮ ಪಠ್ಯಪುಸ್ತಕಗಳು ‘ಗಣ’ ಎಂದವು. ಎಂಥ ಪದ! ಛಂದಸ್ಸಿನಲ್ಲಿ ಮಾತ್ರಾಗಣ, ಅಕ್ಷರಗಣ, ಅಂಶಗಣವೆಂದು ನಾವು ಸಾವಿರ ವರ್ಷ ಎಣಿಸಿಕೊಂಡು ಬಂದದ್ದು. ಶಿವನ ಸುತ್ತ ಗಣ, ಆ ಗಣಕ್ಕೆ ಪತಿ ಗಣಪತಿ. ಒಂದು ಲಕ್ಷಣದಿಂದ ಒಟ್ಟುಗೂಡಿದವರ ಕೂಟ ಎಂಬ ಅರ್ಥ ಮೊದಲೇ ಅಲ್ಲಿ ಸಿದ್ಧವಾಗಿತ್ತು. ಉಪಗಣ, ಶೂನ್ಯಗಣ ಎಂದು ಮಕ್ಕಳು ತೊಡರಿಲ್ಲದೆ ಹೇಳುತ್ತಾರೆ. ಇದನ್ನು ಆರಿಸಿದವರು ನಿಘಂಟಿನ ಸಾಲಿನಿಂದ ಹೆಕ್ಕಲಿಲ್ಲ. ವಸ್ತು ಏನೆಂದು ಮೊದಲು ತಿಳಿದುಕೊಂಡರು.

ಕಾನೂನಿನ ಕಡೆ ಬಂದರೆ ಮತ್ತೆ ಸಂಕಟ. ‘ಸೆಟ್ ಅಸೈಡ್’ ಎಂಬ ಪ್ರಯೋಗವಿದೆ. ಹಣವನ್ನು ಹಾಗೆ ಮಾಡಿದರೆ ಮೀಸಲಿಟ್ಟರು ಎಂದರ್ಥ, ಕಾಪಾಡಿದರು. ತೀರ್ಪನ್ನು ಹಾಗೆ ಮಾಡಿದರೆ ರದ್ದುಪಡಿಸಿದರು ಎಂದರ್ಥ, ಕೊಂದರು. ಒಂದೇ ಮಾತು ಒಂದೆಡೆ ಕಾಯುತ್ತದೆ, ಇನ್ನೊಂದೆಡೆ ಕೊಲ್ಲುತ್ತದೆ. ನಮ್ಮ ಪತ್ರಿಕೆಗಳಲ್ಲಿ ‘ಕೆಳಗಿನ ನ್ಯಾಯಾಲಯದ ಆದೇಶವನ್ನು ಬದಿಗಿರಿಸಿದೆ’ ಎಂದು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಬದಿಗಿರಿಸಿದ ವಸ್ತುವನ್ನು ನಾಳೆ ಮತ್ತೆ ತೆಗೆದುಕೊಳ್ಳಬಹುದಲ್ಲ! ಜಮೀನಿನ ವ್ಯಾಜ್ಯದಲ್ಲಿ ಸೋತ ರೈತನೊಬ್ಬ ಈ ವಾಕ್ಯ ಓದಿ, ತನ್ನ ಹಳೆಯ ಆದೇಶ ಎಲ್ಲೋ ಕಪಾಟಿನಲ್ಲಿ ಸುರಕ್ಷಿತವಾಗಿದೆಯೆಂದು ತಿಳಿದರೆ ಅವನದು ತಪ್ಪೇ? ‘ರದ್ದುಪಡಿಸಿದೆ’ ಎಂಬ ಮಾತು ತಾಲ್ಲೂಕು ಕಚೇರಿಯ ಜವಾನನಿಗೂ ಗೊತ್ತು. ಆದರೂ ಮೂಲದಲ್ಲಿ ‘ಬದಿಗೆ’ ಇದೆಯಲ್ಲ, ಅದನ್ನು ಬಿಟ್ಟರೆ ನಿಷ್ಠೆ ತಪ್ಪೀತೆಂಬ ಅಂಜಿಕೆ. ಪದಕ್ಕೆ ನಿಷ್ಠೆ ತೋರಿ ಅರ್ಥಕ್ಕೆ ದ್ರೋಹ ಮಾಡುವ ಈ ಅಭ್ಯಾಸ ಆಡಳಿತ ಕನ್ನಡದ ಹಳೆಯ ರೋಗ.

ಆ ಸಂಜೆಗೇ ಹಿಂದಿರುಗುತ್ತೇನೆ. ಹುಡುಗನಿಗೆ ಸಮಾಧಾನ ಹೇಳಿ, ಅವನದು ತಪ್ಪಲ್ಲವೆಂದು ತಿಳಿಸಿ, ಪಾಂಡಿತ್ಯದ ಉತ್ಸಾಹದಲ್ಲಿ ಒಂದು ಹಾಳೆ ತೆಗೆದುಕೊಂಡು ಬರೆದೆ: ‘ಗ್ರೌಟು ಗಟ್ಟಿಯಾದ ಮೇಲೆಯೇ ಬೋಲ್ಟು ಬಿಗಿಯಬೇಕು’. ಸರಳ, ಸ್ಪಷ್ಟ, ಅಚ್ಚಗನ್ನಡ. ಇದನ್ನು ಒಯ್ದು ತೋರಿಸು, ಗೋಡೆಗೆ ಅಂಟಿಸಲಿ ಎಂದೆ.

ಮಾರನೆಯ ದಿನ ಅವನ ತಂದೆ ಆ ಹಾಳೆಯನ್ನು ಹಿಡಿದುಕೊಂಡು ಬಂದ. ಗಾರೆ ಕೆಲಸದವನು, ಈ ಬಡಾವಣೆಯ ಅರ್ಧ ಮನೆಗಳು ಅವನ ಕೈಯಿಂದ ಎದ್ದವು. ಓದಿದ್ದು ಕಡಮೆ.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನೀವು ಬರೆದಿರೋದೂ ಸರಿಯಾಗ್ಲಿಲ್ಲ. ಸಿಮೆಂಟು ಬಿಗಿ ಹಿಡಿಯೋದು ಬೇರೆ, ಗಟ್ಟಿಯಾಗೋದು ಬೇರೆ. ಬೆಳಿಗ್ಗೆ ಹಾಕಿದ್ದು ಸಾಯಂಕಾಲಕ್ಕೆ ಬಿಗಿ ಹಿಡಿಯುತ್ತೆ. ಉಗುರಲ್ಲಿ ಒತ್ತಿದ್ರೆ ಕಲ್ಲಿನ ಹಾಗೇ ಕಾಣುತ್ತೆ. ಆದ್ರೆ ಭಾರ ತಡೆಯಲ್ಲ. ಇವನು ಮುಟ್ಟಿ ನೋಡಿ ಗಟ್ಟಿಯಾಯ್ತು ಅಂದ್ಕೊಂಡು ಮತ್ತೆ ಬಿಗಿದ್ರೆ?”

ನಾನು ಅವಾಕ್ಕಾದೆ. ಅವನು ಹೇಳಿದ್ದು ಅಕ್ಷರಶಃ ಎಂಜಿನಿಯರುಗಳ ಶಾಸ್ತ್ರ. ನಮ್ಮ ದೇಶದ ಮಾನಕದ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟು ನೀರು ಬೆರೆಸಿದ 30 ನಿಮಿಷಕ್ಕೆ ಮುಂಚೆ ಬಿಗಿಯಲಾರಂಭಿಸಕೂಡದು. 600 ನಿಮಿಷ ದಾಟುವುದರೊಳಗೆ ಬಿಗಿದು ಮುಗಿದಿರಬೇಕು. ವಿಕಾ ಎಂಬ ಫ್ರೆಂಚ್ ಎಂಜಿನಿಯರನ ಹೆಸರಿನ ಸೂಜಿಯನ್ನು ಇಳಿಬಿಟ್ಟು ಅದನ್ನು ಅಳೆಯುತ್ತಾರೆ. ಬಲ ಕೂಡುವುದು ಆಮೇಲಿನ ಕಥೆ. ಅದನ್ನು 3, 7, 28 ದಿನಗಳಿಗೆ ಘನಗಳನ್ನು ಒಡೆದು ಪರೀಕ್ಷಿಸುತ್ತಾರೆ. ಮೊದಲನೆಯದು ‘ಸೆಟ್ಟಿಂಗ್’, ಎರಡನೆಯದು ‘ಹಾರ್ಡನಿಂಗ್’. ಎಂದ ಮೇಲೆ, ಆ ಇಂಗ್ಲಿಷ್ ಕಾಗದವೇ ಪೂರ್ತಿ ಸರಿಯಿರಲಿಲ್ಲ. ಬರಿಯ ‘ಸೆಟ್’ ಎಂದು ಬರೆದವನು ತನ್ನ ಭಾಷೆಯ ಆ ವಿಶಾಲ ಪದದ ಮರೆಯಲ್ಲಿ ಸೋಮಾರಿತನ ಮಾಡಿದ್ದಾನೆ. ಎಷ್ಟು ದಿನ ಎಂಬ ಮುಖ್ಯ ಸಂಗತಿಯನ್ನೇ ನುಂಗಿದ್ದಾನೆ. ನೂರು ಅರ್ಥವಿರುವ ಪದದಿಂದ ಬರೆಯುವವನಿಗೆ ಆಗುವ ಉಪಕಾರ ಅದೇ: ಏನು ಹೇಳುತ್ತಿದ್ದೇನೆಂದು ನಿಶ್ಚಯಿಸದೆಯೇ ವಾಕ್ಯ ಮುಗಿಸಬಹುದು. ಅನುವಾದ ಮಾಡುವವನಿಗೆ ಆ ಸೌಲಭ್ಯವಿಲ್ಲ. ಅವನು ನಿಶ್ಚಯಿಸಲೇಬೇಕು, ನಿಶ್ಚಯಿಸಬೇಕಾದರೆ ಹೋಗಿ ಗಾರೆಯವನನ್ನು ಕೇಳಬೇಕು. ನಾನೂ ಕೇಳಿರಲಿಲ್ಲ. ಫುಟ್‌ಪಾತಿನ ನಿಘಂಟನ್ನು ಅಷ್ಟು ಜರೆದವನು ನನ್ನದೇ ತಲೆಯೊಳಗಿನ ನಿಘಂಟಿನಿಂದ ಒಂದು ಪದ ಹೆಕ್ಕಿ ಕೊಟ್ಟು ಕಳುಹಿಸಿದ್ದೆ, ಅಷ್ಟೆ.

‘ಬಿಗಿ ಹಿಡಿ’ ಎಂಬುದು ನಾನು ನೋಡಿದ ಯಾವ ಇಂಗ್ಲಿಷ್-ಕನ್ನಡ ಕೋಶದಲ್ಲೂ ಈ ಅರ್ಥಕ್ಕೆ ಇಲ್ಲ. ಬೇಗೂರಿನ ಬೀದಿಯಲ್ಲಿ ಅದು ದಿನಾಲೂ ಆಡುವ ಮಾತು. ಅದೇ ಗಾರೆಯವನು, ಮೇಸ್ತ್ರಿಯೊಡನೆ ಮಾತಾಡುವಾಗ “ಇನ್ನೂ ಸೆಟ್ ಆಗಿಲ್ಲ, ಬಿಡು” ಎಂದೂ ಹೇಳುತ್ತಾನೆ. ಕಾಗದದಲ್ಲಿ ‘ಸೆಟ್ ಆದ ಮೇಲೆ’ ಎಂದು ಇದ್ದಹಾಗೇ ಬಿಟ್ಟಿದ್ದರೂ ಹುಡುಗನಿಗೆ ತಿಳಿಯುತ್ತಿತ್ತು, ಕೂಲಿಯೂ ಉಳಿಯುತ್ತಿತ್ತು. ಶುದ್ಧ ಕನ್ನಡವೆಂದು ಹಾಕಿದ ‘ಹೊಂದಿಸು’ ಇಲ್ಲಿ ಕನ್ನಡದ ಕೆಲಸ ಮಾಡಲಿಲ್ಲ. ಬೆರಕೆಯೆಂದು ಹೊರಗಿಟ್ಟ ‘ಸೆಟ್ ಆಗು’ ಕನ್ನಡವೇ ಆಗಿತ್ತು.

ತಂದೆ, ಮಗ, ನಾನು ಮೂವರೂ ಜಗಲಿಯ ಮೇಲೆ ಕುಳಿತು ಹೊಸ ಹಾಳೆ ಬರೆದೆವು. ‘ಗ್ರೌಟು ಹೊಯ್ದ ಮೇಲೆ ಬಿಗಿ ಹಿಡಿಯಲು ಬಿಡಿ. ಬಿಗಿ ಹಿಡಿದ ಮೇಲೂ ಮೂರು ದಿನ ಬೋಲ್ಟು ಮುಟ್ಟಬೇಡಿ. ಒದ್ದೆ ಗೋಣಿ ಹೊದಿಸಿಡಿ.’ ಮೂರು ದಿನವೆಂಬುದು ಗಾರೆಯವನ ಲೆಕ್ಕ; ಒದ್ದೆ ಗೋಣಿ ಇಂಗ್ಲಿಷಿನ ಮೂಲದಲ್ಲಿ ಇರಲೇ ಇಲ್ಲ. ಹುಡುಗ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದ.

ಹದಿನೈದು ದಿನದ ಮೇಲೆ ಕೇಳಿದೆ. ಮೇಲ್ವಿಚಾರಕ ಹಾಳೆಯನ್ನು ಓದಿ, “ಆಮೇಲೆ ನೋಡೋಣ” ಎಂದು ಮೇಜಿನ ಸೆಳೆಖಾನೆಯಲ್ಲಿ ಹಾಕಿಕೊಂಡನಂತೆ. ಗೋಡೆಯ ಮೇಲೆ ಇಂಗ್ಲಿಷಿನ ಕಾಗದವೇ ಇದೆ. ಆದರೆ ಮೊನ್ನೆ ಇನ್ನೊಂದು ಯಂತ್ರ ಕೂರಿಸುವಾಗ ಯಾರೋ ಆ ಕಾಗದದ ‘ಸೆಟ್’ ಎಂಬ ಪದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲಿ ‘3 ದಿನ, ಗೋಣಿ’ ಎಂದು ಬರೆದಿದ್ದಾರೆಂದು ಹುಡುಗ ಹೇಳಿದ. ಕೈಬರಹ ಅವನದಲ್ಲವಂತೆ.